ಇಕ್ಕಟ್ಟಿನವರೆಗೆ ಒಂದು ಪಟ್ಟಿ

ಜನವರಿ ೮

ಕಡ್ಡಿ,

ಫೋನಿದ್ದೂ ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ನೀನು "ಮತ್ತೇನಕ್ಕಾ?" ಅನ್ನುತ್ತೀಯ. ಅಂದರೆ ಸಾಕು, ಇಡು ಎಂದು ಅರ್ಥ. ಕಾಗದವಾದರೆ ಒಂದು ಪುಟವನ್ನಾದರೂ ನೀನು ತುಂಬಿಸಲೇಬೇಕು, ನಾನು ಅದನ್ನು ಬೇಕಾದಷ್ಟು ಸಲ ಓದಬಹುದು.

ಪರದೆ ಹಾಕಲು ಸ್ಟೂಲು ಹತ್ತಿದವಳು ಮಂಚ ಸೇರಿ ತಿಂಗಳಾಗುತ್ತ ಬಂತು. ಊರವರಿಗೆಲ್ಲ ಅಳತೆ ತೆಗೆದು ಬಟ್ಟೆ ಹೊಲಿದುಕೊಟ್ಟವಳು ಈಗ ಚಾವಣಿಯ ಅಳತೆ ತೆಗೆಯುತ್ತ ಮಲಗಿದ್ದೇನೆ. ಮುರಿದ ಮೂಳೆ ಕೂಡಿಕೊಳ್ಳುತ್ತಿದೆಯೋ ಇಲ್ಲವೋ ಎಂದು ತಿಂಗಳಿಗೊಮ್ಮೆ ಎಕ್ಸ್‌ರೇ ಫೋಟೋ ತೆಗೆದು ನೋಡುತ್ತಾರಂತೆ. ಕೂಡದಿದ್ದರೆ ಮತ್ತೆ ಕುಯ್ಯುತ್ತಾರಂತೆ. ಹೊಲಿಗೆ ಮಷೀನು ಕಿಟಕಿಯ ಹತ್ತಿರ ಸುಮ್ಮನೆ ಕೂತಿದೆ. ಕಾಲಿಲ್ಲದೆ ಅದನ್ನು ತುಳಿಯುವುದು ಹೇಗೆ? ನನಗೆ ಮೈ ಪರಚಿಕೊಳ್ಳುವ ಹಾಗಾಗಿದೆ.

ಚಾವಣಿಯಲ್ಲಿ ಒಂದು ಬಿರುಕಿದೆ. ಮೂಲೆಯಿಂದ ಹೊರಟು, ಸೊಟ್ಟಗೆ ತಿರುಗಿ, ನಡುವೆ ಕೂದಲೆಳೆಯಷ್ಟಾಗಿ, ಮತ್ತೆ ಅಗಲವಾಗುತ್ತದೆ. ಥೇಟ್ ನಮ್ಮೂರಿನ ಸೀಳುಬಂಡೆ ಕಮರಿಯೇ. ರಜೆ ಬಂದರೆ ಅಮ್ಮ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ತಾನು ಕಮರಿಯ ಬಾಯಲ್ಲೇ ಕಟ್ಟೆಯ ಮೇಲೆ ಕೂತು ಸ್ವೆಟರ್ ಹೆಣೆಯುತ್ತಿದ್ದಳಲ್ಲ, ನಾವು ಎರಡು ಬಂಡೆಗೋಡೆಗಳ ನಡುವೆ ಕೂಗುತ್ತ ಓಡುತ್ತಿದ್ದೆವಲ್ಲ, ಗೋಡೆಗಳು ತೀರಾ ಹತ್ತಿರ ಬರುವ ಆ ಇಕ್ಕಟ್ಟು ದಾಟಿ ಕೊಳದ ಹತ್ತಿರ ಹೋದರೆ ತಲೆಯ ಮೇಲೆ ಒಮ್ಮೆಲೇ ಆಕಾಶ ತೆರೆದುಕೊಳ್ಳುತ್ತಿತ್ತಲ್ಲ. ನೀನು ಇವತ್ತಿಗೂ ಅದೇ ಊರಿನಲ್ಲಿದ್ದೀಯ, ಬಸ್‌ಸ್ಟಾಪಿನಿಂದ ಹೋಗಿಬರಲು ಒಂದು ಗಂಟೆಯೂ ಬೇಡ. ವಾರಕ್ಕೊಂದು ಸಲ ಹೋಗಿ, ಕಂಡದ್ದನ್ನು ಬರೆ. ನಿನ್ನ ಕಾಲಿನಲ್ಲಿ ನಾನು ಸ್ವಲ್ಪ ಅಡ್ಡಾಡಿಕೊಳ್ಳುತ್ತೇನೆ.

ನೀನು ನನ್ನನ್ನು ನೋಡಲು ಒಂದು ಸಲವೂ ಬರಲಿಲ್ಲ. ದೂರುತ್ತಿಲ್ಲ. ಸರಿ, ದೂರುತ್ತಿದ್ದೇನೆ.

ಅಕ್ಕ

&nbsp;

ಜನವರಿ ೧೭

ಅಕ್ಕಾ,

ನಿನ್ನ ಅಪ್ಪಣೆಯಂತೆ ಭಾನುವಾರ ಹೋಗಿಬಂದೆ. ಮರದ ಗೇಟು ಹಾಗೇ ಇದೆ. ಇಳಿಜಾರಿನ ಮೆಟ್ಟಿಲುಗಳ ಮೇಲೆ ಪಾಚಿ. ಒಳಗೆ ಹೋಗುತ್ತಿದ್ದಂತೆ ತಂಪು, ಎಡಗಡೆ ಗೋಡೆಯಲ್ಲಿ ಕೆಂಪು-ಹಳದಿ ಪಟ್ಟೆಗಳು, ಬಲಗಡೆ ನೀರು ಜಿನುಗುವ ಜರಿಗಿಡಗಳು. ಮೇಲೆ ಆಕಾಶ ರಿಬ್ಬನ್ನಿನಷ್ಟು. ತೊರೆಯಲ್ಲಿ ನೀರು ಪಾದ ಮುಳುಗುವಷ್ಟೇ ಇದೆ. ಯಾರೋ ಗಂಡ ಹೆಂಡತಿ ಫೋಟೋ ತೆಗೆದುಕೊಳ್ಳುತ್ತ ದಾರಿ ಬಿಡದೆ ನಿಂತಿದ್ದರು.

ಕೆಲಸ ಚೆನ್ನಾಗಿ ನಡೆಯುತ್ತಿದೆ. ಇತ್ತೀಚೆಗೆ ಕಚೇರಿಯಲ್ಲೇ ಹೆಚ್ಚು ಕೂರಿಸುತ್ತಾರೆ, ದೂರಿನ ಫೋನು ತೆಗೆದುಕೊಳ್ಳಲು. ಊರಿನ ಲಿಫ್ಟುಗಳೆಲ್ಲ ಕೆಟ್ಟರೆ ಬೈಗುಳ ಮೊದಲು ನನ್ನ ಕಿವಿಗೆ. ಬರಬೇಕೆಂದೇ ಇದ್ದೇನೆ, ರಜೆ ಸಿಗುತ್ತಿಲ್ಲ. ಈ ಕಾಗದವನ್ನು ಬಾಗಿಲು ತೆರೆದಿಟ್ಟು ಹೊಸ್ತಿಲಲ್ಲಿ ಕೂತು ಬರೆಯುತ್ತಿದ್ದೇನೆ, ಒಳಗೆ ಸೆಕೆ.

ಕಡ್ಡಿ

&nbsp;

ಜನವರಿ ೨೬

ಕಡ್ಡಿ,

ಜನವರಿಯಲ್ಲಿ ಸೆಕೆಯೇ? ಇರಲಿ.

ನಿನ್ನ ಕಾಗದ ಓದಿ ಓದಿ ಮಡಿಕೆಯಲ್ಲಿ ಹರಿಯಿತು. ಎದುರು ಮನೆಯ ಟೀಚರಮ್ಮ ಗಂಜಿ ತಂದವಳು, "ಏನ್ರೀ, ಇಷ್ಟೊಂದು ಓದ್ತಿದೀರಾ, ಪ್ರೇಮಪತ್ರನಾ?" ಎಂದು ಕೇಳಿದಳು. "ತಮ್ಮಂದು, ಬಂಡೆ ಬಗ್ಗೆ ಬರ್ದಿದಾನೆ" ಅಂದೆ. ಪಾಪ, ನನ್ನ ತಲೆಗೂ ಪೆಟ್ಟಾಗಿದೆಯೇನೋ ಎಂಬಂತೆ ನೋಡಿದಳು.

ಆದರೆ ನೀನು ನಡುವಿನಲ್ಲೇ ನಿಲ್ಲಿಸಿಬಿಟ್ಟೆ. ಫೋಟೋದವರು ದಾರಿ ಬಿಟ್ಟರೋ ಇಲ್ಲವೋ? ಇಕ್ಕಟ್ಟು ಏನಾಯಿತು? ಕೊಳ ಎಲ್ಲಿ? ನನ್ನನ್ನು ಆ ಗೋಡೆಗಳ ನಡುವೆ ನಿಲ್ಲಿಸಿ ನೀನು ಮನೆಗೆ ಹೋದೆ. ಇಡೀ ವಾರ ಅಲ್ಲೇ ನಿಂತಿದ್ದೇನೆ. ಹೊರಳಲೂ ಆಗದ ಹೆಂಗಸಿಗೆ ಹೀಗೆ ಮಾಡಬಾರದು ಕಣೋ. ಈ ಸಲ ಕೊಳದವರೆಗೆ ಕರೆದುಕೊಂಡು ಹೋಗು.

ಫೋಟೋ ತೆಗೆದರು. ಕೂಡಿಕೊಳ್ಳುವುದು ನಿಧಾನವಾಗಿದೆಯಂತೆ. ಊರುಗೋಲು ಹಿಡಿದು ಕೋಣೆಯಲ್ಲಿ ನಾಲ್ಕು ಹೆಜ್ಜೆ ಹಾಕಿ ಅಂದರು. ನನಗೆ ಭಯ. ಕಾಲು ಕೆಳಗಿಟ್ಟರೆ ಸ್ಟೂಲು ಜಾರಿದ ಸದ್ದು ಕೇಳಿಸುತ್ತದೆ.

ಅಕ್ಕ

&nbsp;

ಫೆಬ್ರವರಿ ೪

ಅಕ್ಕಾ,

ತಗೋ, ಕೊಳದವರೆಗೆ ಬಂದಿದ್ದೇವೆ. ಇಕ್ಕಟ್ಟಿನ ಹತ್ತಿರ ಈ ಸಲ ಯಾರೂ ಇರಲಿಲ್ಲ. ಚಿಕ್ಕಂದಿನ ಹಾಗೆಯೇ ಎರಡೂ ಕೈ ಚಾಚಿ ಗೋಡೆ ಸವರುತ್ತ ನೇರವಾಗಿ ನಡೆದುಬಿಟ್ಟೆ, ಒಂದೇ ಉಸಿರಿಗೆ. ಆಚೆ ಬೆಳಕು ಕಣ್ಣಿಗೆ ಹೊಡೆಯಿತು. ಕೊಳದ ನೀರು ಹಸಿರು, ತಳದ ಕಲ್ಲುಗಳು ಕಾಣುತ್ತಿದ್ದವು. ಕಾಲು ಇಳಿಬಿಟ್ಟು ಬಹಳ ಹೊತ್ತು ಕೂತೆ. ನೀನೂ ಪಕ್ಕದಲ್ಲಿ ಕೂತ ಹಾಗಿತ್ತು.

ನೀನು ಹೆಜ್ಜೆ ಹಾಕು ಅಕ್ಕಾ. ಹೆದರಿ ಕೂತರೆ ಆಗುತ್ತದೆಯೇ?

ಕಡ್ಡಿ

&nbsp;

ಫೆಬ್ರವರಿ ೧೧

ತಮ್ಮಾ,

ನನ್ನ ಕಿವಿಗೆ ಹೂವಿಡಬೇಡ.

ನಿನ್ನ ಶರ್ಟು ಹೊಲಿಯುವವಳು ನಾನು. ನಿನ್ನ ಎದೆಯ ಸುತ್ತಳತೆ ನಿನಗೇ ಗೊತ್ತಿಲ್ಲ, ನನಗೆ ಗೊತ್ತು. ಕಡ್ಡಿ ಎಂದು ಕರೆದರೂ ನೀನೀಗ ಕಡ್ಡಿಯಲ್ಲ, ಸೌದೆ. ಆ ಇಕ್ಕಟ್ಟಿನಲ್ಲಿ ನಾನು ಲಂಗ ಬಿಡುವ ಹೊತ್ತಿಗೇ ಅಡ್ಡ ತಿರುಗಿ, ಉಸಿರು ಎಳೆದುಕೊಂಡು ದಾಟಬೇಕಾಗಿತ್ತು. ನೀನು ಕೈ ಚಾಚಿಕೊಂಡು ನೇರವಾಗಿ ನಡೆದುಹೋದೆಯಾ? ಹೋಗಲು ಬಂಡೆ ಏನು ನಿನಗಾಗಿ ಜರುಗಿ ಕೂತಿತೇ?

ನೀನು ಹೋಗಿಯೇ ಇಲ್ಲ. ಮೊದಲ ಸಲವೂ ಹೋಗಿರಲಿಲ್ಲ. ಹೊಸ್ತಿಲಲ್ಲಿ ಕೂತು, ಹಳೆಯದನ್ನು ನೆನೆದು, ಉಪ್ಪು ಖಾರ ಹಚ್ಚಿ ಕಳಿಸಿದೆ. ನಾನು ಅದನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಹಾಸಿಗೆ ಹಿಡಿದ ಅಕ್ಕನಿಗೆ ಒಂದು ಗಂಟೆ ಕೊಡಲು ನಿನಗಾಗಲಿಲ್ಲ, ಮೇಲಾಗಿ ಹೆದರಬೇಡ ಎಂಬ ಉಪದೇಶ ಬೇರೆ. ನನಗೆ ತುಂಬಾ ನೋವಾಗಿದೆ.

ಇನ್ನು ಬರೆಯಬೇಡ.

&nbsp;

ಮಾರ್ಚ್ ೬

ಅಕ್ಕಾ,

ಬರೆಯಬೇಡ ಅಂದಿದ್ದೀಯ. ಎಷ್ಟೋ ಸಲ ಶುರು ಮಾಡಿ ಹರಿದೆ. ಇದನ್ನಾದರೂ ಓದು.

ಲಿಫ್ಟು ಬಂದು ನಿಲ್ಲುವ ಕೆಳಗಿನ ಮಹಡಿಗೂ ಕೆಳಗೆ ಒಂದು ಗುಂಡಿ ಇರುತ್ತದೆ, ನಾವು ಪಿಟ್ಟು ಅನ್ನುತ್ತೇವೆ. ಹೋದ ಅಕ್ಟೋಬರಿನಲ್ಲಿ ಒಂದು ಹಳೆಯ ಕಚೇರಿ ಕಟ್ಟಡದ ಪಿಟ್ಟಿನಲ್ಲಿ ಕೆಲಸ ಮಾಡುತ್ತಿದ್ದಾಗ ಲಿಫ್ಟು ನನ್ನ ತಲೆಯ ಮೇಲೆ ಇಳಿದು ನಿಂತಿತು. ಲಿಫ್ಟು ಪೂರ್ತಿ ಇಳಿಯದಂತೆ ಕೆಳಗೆ ಇಡಬೇಕಾದ ಗೂಟ ಇಟ್ಟಿದ್ದೆ, ಅದಕ್ಕೇ ಬದುಕಿದೆ. ಹೊರಗೆ ಹೋಗುವ ಬಾಗಿಲು ಲಿಫ್ಟಿನ ಹಿಂದೆ ಮುಚ್ಚಿಹೋಯಿತು, ಕರೆಂಟು ಹೋಯಿತು. ಮಂಡಿ ಎದೆಗೆ ಸೇರಿಸಿ ಕೂರುವಷ್ಟೇ ಜಾಗ. ಕೂಗಿದೆ. ಎಲ್ಲರೂ ಊಟಕ್ಕೆ ಹೋಗಿದ್ದರು, ಆಮೇಲೆ ಬಂದವರು ಲಿಫ್ಟು ಕೆಟ್ಟಿದೆ ಎಂದು ಮೆಟ್ಟಿಲು ಹತ್ತಿಹೋದರು. ಅವರ ಚಪ್ಪಲಿಯ ಸದ್ದು ನನಗೆ ಕೇಳುತ್ತಿತ್ತು, ನನ್ನದು ಅವರಿಗೆ ಕೇಳಲಿಲ್ಲ. ಸಂಜೆ ತೆಗೆದರು. ಮೈಮೇಲೆ ಒಂದು ಗೀರೂ ಇರಲಿಲ್ಲ, ಅದಕ್ಕೆ ಯಾರಿಗೂ ಹೇಳಲು ಬಾಯಿ ಬರಲಿಲ್ಲ.

ಆಮೇಲಿಂದ ಬಚ್ಚಲಿನ ಚಿಲಕ ಹಾಕಲೂ ಆಗುವುದಿಲ್ಲ. ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಅದಕ್ಕೇ ಫೋನಿನ ಮುಂದೆ ಕೂರಿಸಿದ್ದಾರೆ. ನಮ್ಮ ಮೇಲಿನವರು ಒಳ್ಳೆಯವರೇ, ಆದರೂ ಮೊನ್ನೆ, "ಏಪ್ರಿಲ್ ಕೊನೆಯೊಳಗೆ ಸೈಟಿಗಿಳೀರಿ, ಇಲ್ದಿದ್ರೆ ಆ ಕೆಲಸಕ್ಕೆ ಬೇರೆಯವರನ್ನ ತಗೋಬೇಕಾಗುತ್ತೆ" ಅಂದರು. ನನಗೆ ಬರುವುದು ಇದೊಂದೇ ಕೆಲಸ ಅಕ್ಕಾ.

ನೀನು ಸೀಳುಬಂಡೆಗೆ ಹೋಗು ಅಂದಾಗ ನಿಜವಾಗಿಯೂ ಹೋದೆ. ಗೇಟಿನವರೆಗೆ ಹೋದೆ. ಕಮರಿಯ ಬಾಯಿ ಕಂಡಿತು, ಮುಂದಿನ ಬಸ್ಸಿಗೇ ವಾಪಸ್ಸು ಬಂದೆ. ನಿನಗೆ ಹೇಳಲು ನಾಚಿಕೆಯಾಯಿತು. ನಿನ್ನ ಮನೆ ಆರನೇ ಮಹಡಿ. ಲಿಫ್ಟು ರಿಪೇರಿಯವನು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿಬಂದರೆ ನೀನು ಯಾಕೆಂದು ಕೇಳುತ್ತಿದ್ದೆ. ಅದಕ್ಕೇ ಬರಲಿಲ್ಲ.

ಕಡ್ಡಿ

&nbsp;

ಮಾರ್ಚ್ ೧೪

ಕಡ್ಡಿ,

ಅಕ್ಟೋಬರಿನಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೀಯಲ್ಲ, ನಿನ್ನನ್ನು ಏನು ಮಾಡಬೇಕು? ಕಾಗದ ಓದಿ ಅತ್ತೆ. ಅತ್ತಮೇಲೆ ಬೈದೆ. ಬೈದಮೇಲೆ ಟೀಚರಮ್ಮನ ಕೈಲಿ ಮಷೀನಿನ ಕೆಳಗಿನ ಚೂರುಬಟ್ಟೆಯ ಗಂಟು ತರಿಸಿಕೊಂಡೆ.

ಇದರ ಜೊತೆ ಬರುತ್ತಿರುವ ಪೊಟ್ಟಣದಲ್ಲಿ ಒಂದು ಉದ್ದನೆಯ ಬಟ್ಟೆಪಟ್ಟಿ ಇದೆ. ಕೈಹೊಲಿಗೆ, ಮಲಗಿಕೊಂಡೇ ಹೊಲಿದದ್ದು, ಸೊಟ್ಟಗಿದ್ದರೆ ಸುಮ್ಮನಿರು. ಮೊದಲು ಸ್ಕೂಲಿನ ಯೂನಿಫಾರ್ಮಿನ ನೀಲಿ. ಆಮೇಲೆ ಡಾಕ್ಟರ ಕೋಟಿನ ಬಿಳಿ. ಆಮೇಲೆ ಒಂದು ಪರದೆಯ ಹೂವು, ನನ್ನ ಕಾಲು ಮುರಿದ ಪರದೆಯೇ ಅದು. ಆಮೇಲೆ ಬ್ಯಾಂಡಿನವರ ಹಸಿರು, ನಿನ್ನದೇ ಶರ್ಟಿನ ಚೌಕಳಿ, ಕೊನೆಗೆ ಯಾವುದೋ ಮದುವೆ ಹುಡುಗಿಯ ಕೆಂಪು. ನೆನಪಿನ ಲೆಕ್ಕದಲ್ಲಿ ಕೆಂಪು ಮುಗಿಯುವುದು ಇಕ್ಕಟ್ಟಿನ ಬಾಯಲ್ಲಿ.

ಅಮ್ಮ ಕೂರುತ್ತಿದ್ದ ಕಟ್ಟೆಯ ಪಕ್ಕದ ಕಂಬಿಗೆ ನೀಲಿ ತುದಿ ಕಟ್ಟು. ಇನ್ನೊಂದನ್ನು ಕೈಯಲ್ಲಿ ಹಿಡಿದು, ಬಿಚ್ಚುತ್ತ ಒಳಗೆ ಹೋಗು. ಸಾಕೆನಿಸಿದ ಕಡೆ ತಿರುಗಿ ಬಾ. ನನಗೆ ಬಣ್ಣ ಮಾತ್ರ ಬರೆ. ಗಿಡ, ನೀರು, ಬೆಳಕು ಏನೂ ಬೇಡ. ಇಂಥದ್ದೇ ಇನ್ನೊಂದು ಗಿಡ್ಡ ಪಟ್ಟಿಯನ್ನು ನನ್ನ ಮಂಚದಿಂದ ಮುಂಬಾಗಿಲಿನವರೆಗೆ ಗೋಡೆಗೆ ಹೊಡೆಸಿದ್ದೇನೆ. ನೀನು ಎಷ್ಟು ಬಣ್ಣ ನಡೆಯುತ್ತೀಯೋ ನಾನೂ ಅಷ್ಟು. ಸುಳ್ಳು ಹೇಳಿದರೆ ನಾನು ಬೀಳುತ್ತೇನೆ, ನೆನಪಿರಲಿ.

ಅಕ್ಕ

&nbsp;

ಮಾರ್ಚ್ ೨೯

ಅಕ್ಕಾ,

ಮೊದಲ ಸಲ: ನೀಲಿ, ಅದೂ ಪೂರ್ತಿಯಲ್ಲ. ಓಡಿಬಂದು ಕಟ್ಟೆಯ ಮೇಲೆ ಕೂತೆ.

ಎರಡನೆಯ ಸಲ: ಬಿಳಿ.

ನಿನ್ನೆ: ಹೂವು ದಾಟಿ ಹಸಿರಿನ ಅರ್ಧ. ಬರೆಯಬೇಡ ಅಂದಿದ್ದೀಯ, ಆದರೂ ಒಂದು ವಿಷಯ. ಟೋಪಿ ಹಾಕಿದ್ದ ಒಬ್ಬ ಅಜ್ಜಿ ಪಟ್ಟಿಯನ್ನು ನೋಡಿ ನಿಂತಳು.

"ಏನಪ್ಪಾ, ಅಳತೆ ತಗೋತಿದೀಯಾ? ಇಲ್ಲೂ ಏನಾದ್ರೂ ಕಟ್ತಾರಾ?"

"ಇಲ್ಲಜ್ಜಿ, ನಮ್ಮಕ್ಕ ಕಳಿಸಿದ್ದು."

"ಯಾಕೆ, ಕಳೆದುಹೋಗ್ತೀಯ ಅಂತಾನಾ?"

"ಹೂಂ."

"ಇಷ್ಟು ದಪ್ಪ ಇದೀಯ, ಎಲ್ಲಿ ಕಳೆದುಹೋಗ್ತೀಯ, ನಡಿ ನಡಿ" ಅಂದಳು. ಅವಳ ಹಿಂದೆಯೇ ಹೋದದ್ದಕ್ಕೆ ಹಸಿರು ಸಿಕ್ಕಿತು.

ನೀನು ಎಲ್ಲಿದ್ದೀಯ? ಈ ತಿಂಗಳ ಫೋಟೋದಲ್ಲಿ ಏನು ಬಂತು?

ಕಡ್ಡಿ

&nbsp;

ಏಪ್ರಿಲ್ ೮

ಕಡ್ಡಿ,

ನಾನೂ ಹಸಿರಿನಲ್ಲಿದ್ದೇನೆ. ಬಿಳಿಯ ಹತ್ತಿರ ಒಮ್ಮೆ ಕೂತುಬಿಟ್ಟೆ, ಬಿದ್ದದ್ದಲ್ಲ, ಕೂತದ್ದು. ಪರದೆಯ ಹೂವನ್ನು ದಾಟುವಾಗ ಅದಕ್ಕೊಂದು ಗುದ್ದು ಕೊಟ್ಟೆ.

ಫೋಟೋ ತೆಗೆಸಲಿಲ್ಲ. ಡಾಕ್ಟರಿಗೆ ಪುರುಸೊತ್ತಿಲ್ಲವಂತೆ, ಮುಂದಿನ ತಿಂಗಳು ನೋಡೋಣ. ನಿನ್ನ ಕಾಗದ ಎರಡು ದಿನ ಕೆಳಗೆ ವಾಚ್‌ಮನ್ ಹತ್ತಿರವೇ ಇತ್ತಂತೆ, ಪೋಸ್ಟಿನವನು ಈಗ ಮೇಲೆ ಬರುವುದಿಲ್ಲ. ಹಾಲಿನವಳು ಬಂದರೆ ಮೊದಲು ಬಾಗಿಲಲ್ಲಿ ಕೂತು ನೀರು ಕೇಳುತ್ತಾಳೆ. ಎಲ್ಲರಿಗೂ ವಯಸ್ಸಾಗುತ್ತಿದೆ. ನೀನು ಇದನ್ನೆಲ್ಲ ಬಿಡು, ನಿನ್ನ ಬಣ್ಣ ನೋಡಿಕೋ. ಏಪ್ರಿಲ್ ಕೊನೆ ಹತ್ತಿರ ಬಂತು ಎಂದು ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅಂದರೆ, ನಿಲ್ಲುವುದೇ ಕಷ್ಟ, ಆ ಮಾತು ಬೇರೆ.

ಅಕ್ಕ

&nbsp;

ಏಪ್ರಿಲ್ ೧೫

ಅಕ್ಕಾ,

ನಿನ್ನೆ ಕೆಂಪು. ಕೊನೆಯವರೆಗೆ. ಪಟ್ಟಿ ಸರಿಯಾಗಿ ಇಕ್ಕಟ್ಟಿನ ಬಾಯಲ್ಲಿ ಮುಗಿಯಿತು, ನಿನ್ನ ನೆನಪಿಗೆ ಶರಣು. ಅದರ ತುದಿ ಹಿಡಿದು ನಿಂತೇ ಇದ್ದೆ. ಆಚೆಯ ಬೆಳಕು ಕಾಣುತ್ತಿತ್ತು. ದಾಟಲಿಲ್ಲ. ಕೈಯಿಂದ ಪಟ್ಟಿ ಬಿಡಲು ಮನಸ್ಸಾಗಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಿನ್ನ ಕಾಗದ ಮತ್ತೆ ಓದಿದೆ. ಮನೆಯ ಬಾಗಿಲಿಗೇ ಬರುತ್ತಿದ್ದ ಪೋಸ್ಟಿನವನು ಈಗ ಕೆಳಗೇ ಕೊಟ್ಟುಹೋಗುತ್ತಾನೆ. ಹಾಲಿನವಳು ಏದುಸಿರು ಬಿಡುತ್ತಾಳೆ. ನೀನು ಫೋಟೋ ತೆಗೆಸಲು ಹೋಗಲಿಲ್ಲ. ದೂರಿನ ಫೋನಿನಲ್ಲಿ ದಿನವಿಡೀ ಇಂಥದ್ದನ್ನೇ ಕೇಳುತ್ತೇನೆ ಅಕ್ಕಾ, ನನಗೆ ಡಾಕ್ಟರ ಪುರುಸೊತ್ತಿನ ಕಥೆ ಹೇಳಬೇಡ. ನಿಮ್ಮ ಲಿಫ್ಟು ನಿಂತುಹೋಗಿದೆ. ಎಷ್ಟು ದಿನವಾಯಿತು? ನೀನು ಆರನೇ ಮಹಡಿಯಲ್ಲಿ ಸಿಕ್ಕಿಕೊಂಡಿದ್ದೀಯ, ಮೂಳೆ ಏನಾಗಿದೆಯೋ ನೋಡಿದವರಿಲ್ಲ, ನನಗೆ ಮಾತ್ರ ಬಣ್ಣ ನೋಡಿಕೋ ಅನ್ನುತ್ತೀಯ. ಕಿವಿಗೆ ಹೂವಿಡುವುದರಲ್ಲಿ ನೀನೂ ಕಮ್ಮಿಯಿಲ್ಲ.

ನಿಮ್ಮದು ನಮ್ಮ ಕಂಪನಿಯದೇ ಲಿಫ್ಟು, ಬೇರೆ ಊರಿನ ದೂರು ನನ್ನ ಫೋನಿಗೆ ಬರುವುದಿಲ್ಲ ಅಷ್ಟೇ. ಬೆಳಿಗ್ಗೆ ಮೇಲಿನವರ ಹತ್ತಿರ ಹೋಗಿ, "ಸರ್, ಆ ದೂರು ನಂಗೆ ಕೊಡಿ" ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅಲ್ಲಿ ತೊಂದ್ರೆ ಇರೋದು ಪಿಟ್ಟಿನಲ್ಲಂತೆ ಕಣ್ರೀ, ನೀರು ತುಂಬಿದೆಯಂತೆ. ಗೊತ್ತಲ್ಲ?"

"ಗೊತ್ತು ಸರ್" ಅಂದೆ. ಅಂದಮೇಲೆ ಹೊರಗೆ ಬಂದು ಗೋಡೆ ಹಿಡಿದುಕೊಂಡೆ.

ಕಡ್ಡಿ

&nbsp;

ಏಪ್ರಿಲ್ ೧೯, ಬೆಳಿಗ್ಗೆ, ನಿಮ್ಮ ಕಟ್ಟಡದ ಕೆಳಗಿನಿಂದ

ಅಕ್ಕಾ,

ಈ ಚೀಟಿಯನ್ನು ವಾಚ್‌ಮನ್ ಮೇಲೆ ತರುತ್ತಾನೆ. ನಾನು ಬಂದಿದ್ದೇನೆ. ಮೊದಲು ಮೇಲೆ ಬಂದು ನಿನ್ನ ಮುಖ ನೋಡಿದರೆ ಮತ್ತೆ ಕೆಳಗಿಳಿಯುವುದಿಲ್ಲವೆಂದು ಭಯ, ಅದಕ್ಕೇ ಬರಲಿಲ್ಲ.

ನೀರು ಖಾಲಿ ಮಾಡಿಸಿದ್ದೇನೆ. ತಳದ ಸ್ವಿಚ್ಚು ತುಕ್ಕು ಹಿಡಿದಿದೆ, ಹೊಸದು ಹಾಕಬೇಕು. ಗೂಟ ಇಟ್ಟಿದ್ದೇನೆ, ಕರೆಂಟು ತೆಗೆಸಿದ್ದೇನೆ, ಬಾಗಿಲಲ್ಲಿ ಇಬ್ಬರನ್ನು ನಿಲ್ಲಿಸಿ ಅಲ್ಲಾಡಬೇಡಿ ಎಂದಿದ್ದೇನೆ. ಪಟ್ಟಿಯನ್ನೂ ತಂದಿದ್ದೆ. ಆದರೆ ಲಿಫ್ಟಿನ ದಾರಿಯಲ್ಲಿ ಬಟ್ಟೆ ಇಳಿಬಿಡುವುದು ನಮ್ಮ ಕೆಲಸದಲ್ಲಿ ದೊಡ್ಡ ತಪ್ಪು, ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಹೊರಗಿನ ಕಂಬಿಗೆ ಕಟ್ಟಿ ಒಳಗೆ ಬರಿಗೈಯಲ್ಲಿ ಇಳಿಯುತ್ತಿದ್ದೇನೆ.

ನೀನು ಮುಂಬಾಗಿಲವರೆಗೆ ನಡೆದು ಬಾ. ಲಿಫ್ಟು ಬಂದು ನಿಂತರೆ ಒಳಗೆ ನಾನಿರುತ್ತೇನೆ. ಬರದಿದ್ದರೆ ಮೆಟ್ಟಿಲು ಹತ್ತಿ ಬರುತ್ತೇನೆ, ಯಾಕೆಂದು ಕೇಳಬೇಡ.

ಕಡ್ಡಿ

&nbsp;

ಮೇ ೨

ಕಡ್ಡಿ,

ಇಲ್ಲಿ ಎದುರೆದುರು ಕೂತಿದ್ದಾಗ ನಾವು ಬರೀ ಊಟದ ಮಾತಾಡಿದೆವು. ಉಳಿದದ್ದಕ್ಕೆ ಕಾಗದವೇ ಬೇಕು.

ಅವತ್ತು ಚೀಟಿ ಓದಿ ಹಸಿರು, ಚೌಕಳಿ, ಕೆಂಪು, ಎಲ್ಲ ದಾಟಿ ಬಾಗಿಲಿಗೆ ಬಂದು ನಿಂತೆ. ಟೀಚರಮ್ಮ ಕುರ್ಚಿ ತಂದಳು, ಕೂರಲಿಲ್ಲ. ಎಷ್ಟು ಹೊತ್ತು ನಿಂತೆನೋ, ಕಾಲು ಮುರಿದಿದೆ ಎಂಬುದೇ ಮರೆತುಹೋಗಿತ್ತು. ಕೆಳಗಿನಿಂದ ಸದ್ದೇ ಇಲ್ಲ. ಒಮ್ಮೆ ಏನೋ ಲೋಹ ಬಿದ್ದ ಸದ್ದಾಯಿತು. ಆಮೇಲೆ ಲಿಫ್ಟು ಗುಂಯ್ ಅಂದಿತು. ಬಾಗಿಲು ತೆರೆದಾಗ ಮೊದಲು ಕಂಡದ್ದು ನಿನ್ನ ಮುಖವಲ್ಲ, ಕಂಕುಳಲ್ಲಿ ಹರಿದ ನನ್ನ ಹೊಲಿಗೆ. ನೀನು ನಗುತ್ತಿದ್ದೆ, ಬೆವರು ಮಾತ್ರ ಧಾರೆ.

"ನಡಿಯಕ್ಕಾ, ಫೋಟೋ ತೆಗೆಸ್ಕೊಂಡು ಬರೋಣ" ಅಂದೆ, ಜಾತ್ರೆಗೆ ಕರೆಯುವವನ ಹಾಗೆ.

ಮೂಳೆ ಕೂಡಿಕೊಂಡಿದೆಯೆಂದು ಮೊನ್ನೆ ಇನ್ನೊಮ್ಮೆ ನೋಡಿ ಹೇಳಿದರು. ನಿನಗೂ ಸೈಟಿನ ಕೆಲಸ ಮತ್ತೆ ಕೊಟ್ಟರೆಂದು ನಿನ್ನ ಕಾಗದದಲ್ಲಿ ಓದಿ ಟೀಚರಮ್ಮನಿಗೆ ಹೇಳಿ ಹೇಳಿ ಅವಳ ತಲೆ ತಿಂದೆ.

ಅವತ್ತು ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ಬಾಗಿಲು ಮುಚ್ಚಿತು. ನೀನು ಬಟನ್ ಒತ್ತಿ, "ನೀನು ಬೀಳ್ಬಾರದಲ್ಲ, ಅದಕ್ಕೆ" ಎನ್ನುತ್ತ ನನ್ನ ಊರುಗೋಲನ್ನು ಹಿಡಿದುಕೊಂಡೆ. ಊರುಗೋಲು ಆರನೇ ಮಹಡಿಯಿಂದ ಕೆಳಗಿನವರೆಗೂ ನಡುಗುತ್ತಲೇ ಇತ್ತು. ನಾನು ಬಾಗಿಲ ಮೇಲೆ ಬದಲಾಗುವ ಅಂಕಿಗಳನ್ನು ನೋಡುತ್ತಿದ್ದೆ. ಅಕ್ಕನಿಗೆ ಗೊತ್ತಾಗಲಿಲ್ಲ ಎಂದು ನೀನು ಅಂದುಕೊಂಡಿರಬೇಕು. ಗೊತ್ತಾಗಿತ್ತು ಕಣೋ. ಪಿಟ್ಟಿಗೆ ಇಳಿಯುವಾಗ ನಿನ್ನ ಕೈಯಲ್ಲಿ ಹಿಡಿಯಲು ಊರುಗೋಲೂ ಇರಲಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ.

ಹೊಸ ಶರ್ಟು ಕಳಿಸುತ್ತಿದ್ದೇನೆ. ಮಷೀನಿನಲ್ಲಿ, ಎರಡೂ ಕಾಲಿನಿಂದ ತುಳಿದು ಹೊಲಿದದ್ದು. ಎದೆಯ ಹತ್ತಿರ ಇನ್ನಷ್ಟು ಸಡಿಲ ಬಿಟ್ಟಿದ್ದೇನೆ, ಇನ್ನು ನಿನ್ನನ್ನು ಕಡ್ಡಿ ಎಂದು ಕರೆಯುವುದಕ್ಕೆ ನನಗೇ ಸಂಕೋಚ. ಅದನ್ನು ಹಾಕಿಕೊಂಡು ಒಬ್ಬನೇ ಇಕ್ಕಟ್ಟಿಗೆ ಹೋಗಬೇಡ. ಮುಂದಿನ ತಿಂಗಳು ನಾನು ಬರುತ್ತೇನೆ. ಪಟ್ಟಿಯನ್ನು ಕಂಬಿಗೆ ಕಟ್ಟೋಣ, ಕೆಂಪು ಮುಗಿದ ಕಡೆ ಅಲ್ಲೇ ಬಿಡೋಣ. ಆಮೇಲೆ ನೀನು ನನ್ನ ಊರುಗೋಲಿನ ಒಂದು ತುದಿ ಹಿಡಿ, ಇನ್ನೊಂದು ತುದಿ ನಾನು ಹಿಡಿಯುತ್ತೇನೆ. ಇಬ್ಬರೂ ಅಡ್ಡ ತಿರುಗಿಕೊಂಡೇ ದಾಟೋಣ.

ಅಕ್ಕ